ಕಾರಿನಲ್ಲಿ ಆಯಿಯ ಹಾಡು

ತಂಗಿಯ ಮದುವೆಗೆ ಮೊದಲು ನಾನೊಂದು ಹಳೆಯ ಕಾರು ಕೊಂಡೆ. ಅಲ್ಲಿಯವರೆಗೆ ಕೈಗಾದ ಕಂಪನಿ ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ಜಗಳವಾಡುತ್ತಿದ್ದವನು ಕಾರಿನ ಮಾಲೀಕನಾದದ್ದೇ ತಡ, ಕಾರವಾರದ ಅಂಗಡಿಯೊಂದರಲ್ಲಿ ಬ್ಲೂಟೂತ್ ಇರುವ ಸ್ಟೀರಿಯೊ ಹಾಕಿಸಿದೆ. ಆಗಿನ್ನೂ ಅದು ಹೊಸದು. ಕಾರಿನ ಒಂದು ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಆದರೆ ಫೋನಿನ ಹಾಡು ವಾಯರಿಲ್ಲದೆ ಸ್ಪೀಕರಿನಲ್ಲಿ ಬರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಪ್ಪ ಹಂಗಿಸಿದರು.

ಅದೇ ಹೊತ್ತಿಗೆ ಆಯಿಯ, ಅಂದರೆ ಅಮ್ಮನ, ಗಂಟಲಿನಲ್ಲೊಂದು ಗಂಟು ಕಾಣಿಸಿಕೊಂಡು ಆಪರೇಶನ್ ನಿಶ್ಚಯವಾಯಿತು. ದನಿ ಹೋಗಬಹುದು, ಹೋದರೂ ನಿಧಾನಕ್ಕೆ ಮರಳಬಹುದು ಎಂದಿದ್ದರು ಡಾಕ್ಟರು. ಆಯಿಗೆ ಗಂಟಿನ ಚಿಂತೆ ಇರಲಿಲ್ಲ. ರಾಮನಗುಳಿಯ ನಮ್ಮ ಕೇರಿಯಲ್ಲಿ ಯಾವ ಹುಡುಗಿ ಗಂಡನ ಮನೆಗೆ ಹೊರಟರೂ, ಕಳಿಸುವ ಹಾಡನ್ನು ಎತ್ತಿಕೊಡುವವಳು ಅವಳೇ.

"ಊರವ್ರ ಹುಡ್ಗೀರ್ನೆಲ್ಲ ಹಾಡಿ ಕಳ್ಸ್ದೆ. ನನ್ನ ಮಗ್ಳು ಹಾಡಿಲ್ದೆ ಹೋಗೂದಾ?" ಎಂದಳು.

ಫೋನಿನಲ್ಲಿ ರೆಕಾರ್ಡ್ ಮಾಡಿ ಕಾರಿನಲ್ಲಿ ಹಾಕುತ್ತೇನೆ ಎಂದು ಮಾತು ಕೊಟ್ಟೆ. ನನ್ನೆದುರು ಹಾಡಲು ಅವಳಿಗೆ ನಾಚಿಕೆ. ಗುಂಡಿ ಒತ್ತಿ, ಫೋನನ್ನು ಅಡುಗೆಮನೆಯಲ್ಲಿಟ್ಟು ಹೊರಗೆ ಬಂದೆ. ಆಪರೇಶನ್ ಮುಗಿಸಿ ಬಂದ ಆಯಿಗೆ ಬರೀ ಪಿಸುಮಾತು ಉಳಿದಿತ್ತು. ಆ ರೆಕಾರ್ಡನ್ನು ಕೇಳಿ ನೋಡುವ ಧೈರ್ಯ ನನಗೆ ಬರಲೇ ಇಲ್ಲ.

ಮದುವೆಯ ದಿನ ಊಟ ಮುಗಿದು ತಂಗಿ ಕಾರಿನಲ್ಲಿ ಕುಳಿತಳು. ಮುಸ್ಸಂಜೆಯೊಳಗೆ ಕೋಡಿಬಾಗದ ಮನೆಗೆ ಸೊಸೆಯನ್ನು ತುಂಬಿಸಿಕೊಳ್ಳಬೇಕೆಂದು ಗಂಡಿನ ಕಡೆಯವರ ಅವಸರ. ಹೆಂಗಸರೆಲ್ಲ ಕಾರಿನ ಸುತ್ತ ನೆರೆದರು. ನಾನು ಫೋನನ್ನು ಸ್ಟೀರಿಯೊಗೆ ಜೋಡಿಸಿ ಹಾಡು ಹಚ್ಚಿದೆ. ಆಯಿಯ ಹಳೆಯ ದನಿ ತುಂಬಿ ಬಂತು. ಒಂದು ಸಾಲು. ಆಮೇಲೆ ಸದ್ದೇ ಇಲ್ಲ.

ಕನೆಕ್ಷನ್ ತಪ್ಪಿತು ಎಂದುಕೊಂಡು ಬಂದ್ ಮಾಡಿದೆ. ಮತ್ತೆ ಜೋಡಿಸಿದೆ. ಮತ್ತೆ ಅದೇ ಒಂದು ಸಾಲು, ಮತ್ತೆ ಮೌನ. ಫೋನಿನ ಹೆಸರನ್ನೇ ಸ್ಟೀರಿಯೊದಿಂದ ಅಳಿಸಿ, ನಾಲ್ಕು ಸೊನ್ನೆಯ ಪಿನ್ ಒತ್ತಿ ಹೊಸದಾಗಿ ಜೋಡಿಸಿದೆ. ಬೆವರು ಕಣ್ಣಿಗಿಳಿಯಿತು.

"ಫೋನ್ ಮೇಲೆ ಹಿಡಿಯಾ, ರೇಂಜ್ ಸಿಕ್ತದೆ" ಎಂದರು ಮಾವ. ನಮ್ಮೂರಿನಲ್ಲಿ ಫೋನಿನ ಯಾವ ಕಾಯಿಲೆಗೂ ರೇಂಜೊಂದೇ ಮದ್ದು. ನಾಚಿಕೆ ಬಿಟ್ಟು ಅದನ್ನೂ ಮಾಡಿದೆ. ಸಾಲು ಬಂತು, ನಿಂತಿತು.

"ಬಿಡಾ ಅಣ್ಣಾ, ಹೊತ್ತಾಯ್ತು" ಎಂದಳು ತಂಗಿ. ಅಂಗಡಿಯವನನ್ನೂ ಸ್ಟೀರಿಯೊವನ್ನೂ ಮನಸ್ಸಿನಲ್ಲೇ ಶಪಿಸಿದೆ. ಜನರ ಹಿಂದಿನಿಂದ ಆಯಿ ಏನೋ ಕೈಸನ್ನೆ ಮಾಡುತ್ತಿದ್ದಳು. ಸಾಕು ಬಿಡು ಅನ್ನುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಕುಗ್ಗಿಹೋದೆ.

ಪಕ್ಕದಲ್ಲಿದ್ದ ಅವಳ ತಂಗಿ, ನಮ್ಮ ಚಿಕ್ಕಿಗೆ ಆ ಸನ್ನೆ ತಿಳಿಯಿತು. ದಾರಿ ಬಿಡಿಸಿಕೊಂಡು ಬಂದು ನನ್ನ ಕೈ ಹಿಡಿದಳು. "ತಮ್ಮಾ, ಬಂದ್ ಮಾಡ್ಬೇಡ. ಅದು ಹಾಳಾದ್ದಲ್ಲ. ಅಕ್ಕ ನಮ್ಗೆ ಜಾಗ ಬಿಟ್ಟದ್ದು."

ನಮ್ಮಲ್ಲಿ ಎತ್ತಿಕೊಡುವವಳು ಒಂದು ಸಾಲು ಹೇಳಿ ನಿಲ್ಲುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ, ಆಮೇಲೆ ಮುಂದಿನ ಸಾಲು. ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು ಹಾಡುವಾಗಲೂ ಆಯಿ ಸಾಲಿಗೊಮ್ಮೆ ನಿಂತು, ಅಲ್ಲಿಲ್ಲದ ಹೆಂಗಸರಿಗಾಗಿ ಕಾದಿದ್ದಳು. ಚಿಕ್ಕಂದಿನಿಂದ ಈ ಹಾಡು ಕೇಳುತ್ತ ಬೆಳೆದ ನನಗೆ ಇಷ್ಟು ಹೊಳೆಯಬಾರದೇ?

ಮೊದಲಿನಿಂದ ಹಚ್ಚಿದೆ. ಆಯಿಯ ಸಾಲು ಮುಗಿಯಿತು, ಚಿಕ್ಕಿ ತಿರುಗಿ ಹೇಳಿದಳು, ಉಳಿದವರು ದನಿಗೂಡಿಸಿದರು. ಅವರು ಮುಗಿಸುವುದಕ್ಕೂ ಸ್ಪೀಕರಿನಿಂದ ಮುಂದಿನ ಸಾಲು ಬರುವುದಕ್ಕೂ ಸರಿಹೋಯಿತು. ನನಗೆ ಖುಷಿಯಲ್ಲಿ ಅಳು ಬಂತು.

ನಾಲ್ಕೈದು ಸಾಲಾಗಿರಬೇಕು, ಬೆನ್ನ ಹಿಂದೆ ಕರಕರ ಎನ್ನುವ ಇನ್ನೊಂದು ದನಿ ಕೇಳಿಸಿತು. ಆಯಿ ಕಾರಿನ ಬಾಗಿಲಿಗೆ ಬಂದು ನಿಂತು ಎಲ್ಲರ ಜೊತೆ ತಿರುಗಿ ಹೇಳುತ್ತಿದ್ದಳು. ಒಡೆದ ದನಿ, ಆದರೆ ಪಿಸುಮಾತಲ್ಲ, ದನಿಯೇ. ಚಿಕ್ಕಿ ಉಳಿದವರಿಗೆ ಸುಮ್ಮನಿರಲು ಸನ್ನೆ ಮಾಡಿದಳು. ಸ್ಪೀಕರು ಕೊನೆಯ ಸಾಲು ಹೇಳಿ ನಿಂತಿತು. ಆಯಿ ಒಬ್ಬಳೇ ಮಗಳ ಮುಖ ನೋಡುತ್ತ ಅದನ್ನು ತಿರುಗಿ ಹೇಳಿದಳು.