ಜಗಲಿಯ ಮೇಲಿನ ಹೊಲಿಗೆ ಕ್ಲಾಸು

ಟೀಚರಮ್ಮನ ಕುತ್ತಿಗೆಯಲ್ಲಿ ಹಳದಿ ಬಣ್ಣದ ಅಳತೆ ಟೇಪು ಸದಾ ನೇತಾಡುತ್ತಿತ್ತು. ಮದುವೆ ಮನೆಗೂ ಅದನ್ನು ಹಾಕಿಕೊಂಡೇ ಬರುತ್ತಿದ್ದರು. ತೆಗೆದಿಡಿ ಎಂದರೆ, ಇರುವುದು ಇದೊಂದೇ ಸರ, ಇದರ ಮೇಲೂ ನಿಮ್ಮ ಕಣ್ಣಾ ಎಂದು ನಗುತ್ತಿದ್ದರು. ಎಂಬತ್ತರ ದಶಕದ ನಡುವೆ ಯಶವಂತಪುರದ ನಮ್ಮ ಬೀದಿಯಲ್ಲಿ ಹೆಂಗಸರಿಗೆ ಸರ್ಕಾರದ ಹೊಲಿಗೆ ಕ್ಲಾಸು ನಡೆಸುತ್ತಿದ್ದವರು ಅವರು. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರಿಗೆ ಬೇಟಿಯರೇ, ಹೆಣ್ಣುಮಕ್ಕಳೇ. ಗುಂಡಿಯ ಕಾಜಾ ಸೊಟ್ಟಗಾದರೆ ಮಾತ್ರ ಯಾವ ಬೇಟಿಯ ಮುಲಾಜೂ ಇಲ್ಲದೆ ಬಿಚ್ಚಿಸುತ್ತಿದ್ದರು.

ನನ್ನ ಗಂಡ ಕಾರ್ಖಾನೆಯ ಕೆಲಸಗಾರ. ಬೀದಿಯಲ್ಲಿ ಬಲು ಸಾಧು, ಬಾಗಿಲು ಹಾಕಿದ ಮೇಲೆ ಕೈ ಎತ್ತುವವನು. ಕಂಕುಳಲ್ಲಿ ಮಗು ಎತ್ತಿಕೊಂಡು ರಾಜಾನುಕುಂಟೆಯ ತವರಿಗೆ ಓಡಿದರೆ ಅವ್ವ ಉಣ್ಣಲು ಹಾಕಿ, "ಓಗವ್ವಾ, ಎಲ್ಲಾರ ಮನೆ ದೋಸೆನೂ ತೂತೇ" ಎಂದು ಮತ್ತೆ ಬಸ್ಸು ಹತ್ತಿಸುತ್ತಿದ್ದಳು. ನಮ್ಮ ಮನೆಯ ದೋಸೆಯಲ್ಲಿ ತೂತು ಬಿಟ್ಟು ಬೇರೇನೂ ಇರಲಿಲ್ಲ. ಇನ್ನು ಹೀಗೇ ಸಾಯಬೇಕು ಎಂದುಕೊಂಡಿದ್ದೆ.

ನಾನೂ ಆ ಕ್ಲಾಸಿಗೆ ಸೇರಿದ್ದೆ. ರವಿಕೆಯ ಅಳತೆ ಕಲಿಸುವ ದಿನ ಟೀಚರಮ್ಮ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. ಟೇಪು ತೋಳಿಗೆ ತಾಗಿದ್ದೇ ತಡ, ನೋವಿಗೆ ಹಿಂದೆ ಸರಿದೆ. ಸೆರಗು ಸರಿಸಿ ನೋಡಿದರು. ಯಾರು, ಯಾಕೆ ಎಂದು ಕೇಳಲಿಲ್ಲ.

"ಊದಿರೋ ತೋಳಿನ ಅಳತೆ ನಾನು ತಗೊಳಲ್ಲ ಬೇಟಿ. ಊತ ಇಳೀಲಿ" ಎಂದು ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು. ನಾಳೆಯಿಂದ ಕ್ಲಾಸು ಇವಳ ಮನೆ ಜಗಲಿಯಲ್ಲಿ ಎಂದು ಉಳಿದವರಿಗೆ ಹೇಳಿಬಿಟ್ಟರು.

ಕಾಜಾ ಹಾಕಲು, ಅಂಚು ಮಡಿಸಿ ಹೊಲಿಯಲು ಮೆಷಿನ್ ಬೇಕಿಲ್ಲ. ಚಾಪೆ, ಸೂಜಿ, ದಾರ ಹಿಡಿದು ಹೆಂಗಸರೆಲ್ಲ ನಮ್ಮ ಬಾಗಿಲ ಮುಂದೆ ಕೂತರು. ಕೆಲಸ ಮುಗಿಸಿ ಬಂದ ಗಂಡ ಇದೇನು ಎಂದು ಕೇಳಿದ. ಹೊಲಿಗೆ ಕೇಂದ್ರದಲ್ಲಿ ಜಾಗ ಸಾಲದು, ನಿಮ್ಮದು ದೊಡ್ಡ ಮನಸ್ಸಲ್ಲವಾ ಎಂದು ಟೀಚರಮ್ಮ ತಲೆ ಎತ್ತದೆ ಹೇಳಿದರು. ಎದುರು ಮನೆಯವರು ಕಿಸಕ್ಕನೆ ನಕ್ಕರು. ಅವನು ಉಂಡು ಮಲಗುವ ತನಕ ಯಾರೂ ಚಾಪೆ ಸುತ್ತುತ್ತಿರಲಿಲ್ಲ. ಅಷ್ಟು ಜನರ ನಡುವೆ ಬಾಗಿಲು ಹಾಕುವುದು ಹೇಗೆ? ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡಿದ್ದ. ಒಂದು ಸಂಜೆ ಕಾಫಿ ತಡವಾಯಿತೆಂದು ಜಗಲಿಯ ಮೇಲೆಯೇ, ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿದ. ಹೆಂಡತಿ ತನ್ನವಳು, ಜಗಲಿ ತನ್ನದು, ಕೇಳುವವರು ಯಾರು ಎಂದುಕೊಂಡಿದ್ದ ಪುಣ್ಯಾತ್ಮ.

ಟೀಚರಮ್ಮ ಹಲ್ಲಿನಲ್ಲಿ ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದರು. ಹಿಂದೆಯೇ ಎಲ್ಲರೂ ಎದ್ದು ಪೊಲೀಸ್ ಠಾಣೆಗೆ ನಡೆದೆವು.

ಹೆಂಡತಿಯನ್ನು ಹಿಂಸಿಸಿದರೆ ಜೈಲು ಎಂಬ ಹೊಸ ಕಾನೂನು ಬಂದಿದ್ದರೂ ಠಾಣೆಯ ಸಾಹೇಬರ ತಲೆಗೆ ಇನ್ನೂ ಇಳಿದಿರಲಿಲ್ಲ. ಮನೆಯೊಳಗಿನ ವಿಷಯ, ಹೋಗಿ ಅಡುಗೆ ಮಾಡಿಕೊಳ್ಳಿ ಎಂದರು.

"ಮನೆ ಒಳಗಲ್ಲ ಸಾಹೇಬ್ರೇ, ಜಗಲೀಲಿ. ನಾವೆಲ್ಲಾ ನೋಡಿದೀವಿ" ಎಂದರು ಟೀಚರಮ್ಮ.

ಒಬ್ಬೊಬ್ಬಳೇ ಮುಂದೆ ಬಂದು ನಾನೂ ನೋಡಿದೆ ಎಂದಳು. ಸಾಹೇಬರು ದೂರು ಬರೆದುಕೊಳ್ಳಲೇಬೇಕಾಯಿತು. ನಾನು ಆ ಮನೆಗೆ ಮತ್ತೆ ಹೋಗಲಿಲ್ಲ. ಟೀಚರಮ್ಮ ಚಪ್ಪಲಿ ಸವೆಯುವಷ್ಟು ಅಲೆದು, ಇಲಾಖೆಯ ಮೇಡಂ ಕೈಯಲ್ಲಿ ನನಗೂ ಮಗುವಿಗೂ ಸರ್ಕಾರದ ಮಹಿಳಾ ನಿಲಯದಲ್ಲಿ ಜಾಗ ಕೊಡಿಸಿದರು. ಕ್ಲಾಸು ಮುಗಿದಾಗ ಒಂದು ಮೆಷಿನ್ನೂ ಬಂತು. ಈ ಹೊತ್ತಿಗೂ ನಾನು ಉಣ್ಣುವ ಅನ್ನ ಅವರದೇ.

ಅವರು ತೀರಿಕೊಂಡ ದಿನ, ಗಂಡಸರು ಜನಾಜಾ ಹೊತ್ತು ಹೋದ ಮೇಲೆ ನಾವೆಲ್ಲ ಅವರ ಜಗಲಿಯ ಮೇಲೆ ಕೂತು ಅತ್ತೆವು.

ಈಗ ಟೇಪು ನನ್ನ ಕುತ್ತಿಗೆಯಲ್ಲಿದೆ. ಮೊನ್ನೆ ನನ್ನ ಹೊಲಿಗೆ ಅಂಗಡಿಗೆ ಬಂದ ಹುಡುಗಿಯೊಬ್ಬಳು, ತೋಳಿನ ಅಳತೆಗೆ ನಾನು ಕೈ ಚಾಚಿದರೆ ಹಿಂದೆ ಸರಿದಳು. ಟೇಪು ಮಡಚಿ, ನಿಮ್ಮ ಮನೆಗೆ ಜಗಲಿ ಇದೆಯಾ ಎಂದು ಕೇಳಿದೆ. ಇಲ್ಲ, ಬಾಗಿಲ ಮುಂದೆ ಮೆಟ್ಟಿಲಿದೆ ಎಂದಳು.

ಸಾಕು ಎಂದೆ.