ಒಂದು ಗೇಣು ಇಳಿದ ಚಬೂತ್ರ

ನಾನು ಸಾಲಿ ಬಿಟ್ಟದ್ದು ಸಾವಿರದ ಒಂಬೈನೂರ ಐವತ್ತಾರರಲ್ಲಿ, ಆರನೇ ಜಮಾತಿನಲ್ಲಿ. ಓದು ತಲೆಗೆ ಹತ್ತದೆ ಬಿಟ್ಟೆ ಅಂತ ಯಾರೂ ತಿಳಿಯಬಾರದು. ಅಲ್ಲಿತನಕ ಲೆಕ್ಕವನ್ನೆಲ್ಲ ಉರ್ದುವಿನಲ್ಲಿ ಕಲಿತಿದ್ದೆ. ಆ ವರ್ಷ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮಾಸ್ತರರು ಬಂದು, ಇನ್ನು ಮಗ್ಗಿಯನ್ನು ಕನ್ನಡದಲ್ಲಿ ಒಂದರಿಂದ ಶುರು ಮಾಡ್ರಿ ಅಂದರು. ಒಮ್ಮೆ ಮಾಡಿದ ಲೆಕ್ಕ ತಿರುಗಿ ಮಾಡುವುದು ನನ್ನ ಜಾಯಮಾನವಲ್ಲ. ಪಾಟಿ ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ. ಮರುದಿನದಿಂದ ಅಪ್ಪನ ಸಂಗಡ ಮಾಳಿಗೆ ಹಾಕುವ ಕೆಲಸಕ್ಕೆ ಹೋದೆ.

ನಮ್ಮ ಕಡೆಯ ಮಾಳಿಗೆ ಅಂದರೆ ಮಣ್ಣಿನದು. ತೊಲೆ ಹಾಕಿ, ಜಂತಿ ಹಾಕಿ, ಮೇಲೆ ಮಣ್ಣು ಬಡಿಯಬೇಕು. ಮಳೆ ನೀರು ನಿಂತರೆ ಮನೆ ಕೆಳಗೆ ಬರುತ್ತದೆ. ಅದಕ್ಕೆ ಅಪ್ಪ ನನಗೆ ಒಂದೇ ಒಂದು ಮಾತು ಕಲಿಸಿದ್ದ: ಪ್ರತಿ ಮೊಳಕ್ಕೆ ಒಂದು ಬೆರಳು ಢಾಳು ಕೊಡು, ಅಂದರೆ ಅಷ್ಟು ಇಳಿಜಾರು ಮಾಡು, ನೀರು ತಾನೇ ಹಾದಿ ಹಿಡಿಯುತ್ತದೆ. ಈ ಮಾತಿನ ಬಲದ ಮೇಲೆ ನಾನು ಎಷ್ಟು ಮಾಳಿಗೆ ಮಾಡಿದೆನೋ, ಒಂದೂ ಸೋರಲಿಲ್ಲ. ಮುಂದೆ ಬಾಚಿ, ಗರಗಸ ಹಿಡಿದು ಕಟ್ಟಿಗೆ ಕೆಲಸಕ್ಕೆ ಬಂದಾಗಲೂ ಆ ಮಾತನ್ನು ಬಿಡಲಿಲ್ಲ. ನನ್ನ ತಪ್ಪು ಅಲ್ಲೇ ಇತ್ತು. ಅವತ್ತು ಮಾತ್ರ ಹಾಗೆ ಯಾರಾದರೂ ಹೇಳಿದ್ದರೆ ಬಾಚಿ ತೋರಿಸುತ್ತಿದ್ದೆ.

ಎಪ್ಪತ್ನಾಲ್ಕರ ಬೇಸಿಗೆ. ಬಸವಕಲ್ಯಾಣದಲ್ಲಿ ಕೋಟೆಯ ಕಡೆಯಿಂದ ಕೆಳಗೆ ಇಳಿಯುವ ಜಾಗದಲ್ಲಿ ಒಬ್ಬ ಬಟ್ಟೆ ಸಾಹುಕಾರರು ಹೊಸ ಮನೆ ಕಟ್ಟಿಸಿದ್ದರು. ಮನೆ ಛಂದ, ಮುಂದಿನ ಅಂಗಳ ಪೂರಾ ಇಳಕಲು. ಕುರ್ಚಿ ಹಾಕಿಕೊಂಡು ಕೂತರೆ ಮಾತಾಡುತ್ತ ಮಾತಾಡುತ್ತ ಬೀದಿಗೆ ಬಂದಿರುತ್ತಿದ್ದರು. ಒಳಗೆ ಕೂಡೋಣ ಅಂದರೆ ಮೇಲೆ ಫರಸಿ ಕಲ್ಲಿನ ಛತ್ತು. ಮಧ್ಯಾಹ್ನ ಕಾದದ್ದು ಸಂಜೆಯಾದರೂ ಆರುತ್ತಿರಲಿಲ್ಲ.

"ಹೈದರಾಬಾದಿನಾಗ ಒಂದು ಬಂಗ್ಲೆ ನೋಡೀನಿ," ಅಂದರು ಸಾಹುಕಾರರು. "ಕಂಬದ ಮ್ಯಾಲ ಕಟ್ಟಿಗಿ ಚಬೂತ್ರ, ಅದರ ಮಗ್ಗಲಕ್ಕ ಕಟ್ಟಿಗಿ ಬೇಲಿ. ಕೆಳಗಿಂದೂ ಗಾಳಿ, ಮ್ಯಾಲಿಂದೂ ಗಾಳಿ. ನಿನಗ ಕಟ್ಟಲಿಕ್ಕ ಬರ್ತದೇನು?"

"ಬರ್ತದೇನು ಅಂತ ನನಗ ಕೇಳಬ್ಯಾಡ್ರಿ ಸಾಹುಕಾರ್ರ. ಯಾವಾಗ ಮುಗಸ್ತಿ ಅಂತ ಕೇಳ್ರಿ."

ಅಂಥ ಚಬೂತ್ರ, ಅಂದರೆ ಹಲಗೆಯ ಜಗಲಿ, ನಾನು ಅಲ್ಲಿತನಕ ಕಣ್ಣಿಂದಲೂ ನೋಡಿರಲಿಲ್ಲ.

ಸಾಹುಕಾರರಿಗೆ ಅವಸರವಿತ್ತು. ಅವರ ಮಗಳಿಗೆ ಹುಮನಾಬಾದಿನ ಹುಡುಗ ಗೊತ್ತಾಗಿದ್ದ. ನಿಶ್ಚಯದ ಊಟವನ್ನು ಚಬೂತ್ರದ ಮೇಲೇ ಹಾಕಿಸಬೇಕು ಅಂತ ಅವರ ಆಸೆ. ಹುಡುಗನ ದೊಡ್ಡಪ್ಪನಿಗೆ ಅದೇ ಊರ ಪಕ್ಕದ ಮಾಣಿಕನಗರದ ಕಡೆ ಹೀಗೇ ಒಂದು ಇಳಕಲು ಜಾಗವಿತ್ತು. ಇದನ್ನು ನೋಡಿ ಮನಸ್ಸಿಗೆ ಬಂದರೆ ಅಲ್ಲಿ ಇದರ ಎರಡರಷ್ಟು ದೊಡ್ಡದು ಕಟ್ಟಿಸುತ್ತೇನೆ ಅಂದಿದ್ದರಂತೆ. ಬಾಗಿಲು ಕಿಟಕಿ ಮಾಡುವವರು ನಮ್ಮಲ್ಲಿ ಓಣಿಗೆ ಇಬ್ಬರಿದ್ದರು. ಚಬೂತ್ರದವನು ಅಂದರೆ ನಾನೊಬ್ಬನೇ ಅಂತ ಹುಮನಾಬಾದಿನತನಕ ಆಗಬೇಕು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಕಂಬಕ್ಕೆ ಗುಂಡಿ ತೋಡಿ, ಕಲ್ಲು ಸುಣ್ಣ ಹಾಕಿ ನಿಲ್ಲಿಸಲು ನಮ್ಮ ಓಣಿಯ ಗೌಂಡಿ ಚಾಚಾನನ್ನು ಕರೆದುಕೊಂಡೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಮಾತು ಕಡಿಮೆ. ಕೆಂಪು ಮುರುಮಿನ ನೆಲ, ಬೇಸಿಗೆಯಲ್ಲಿ ಹಾರೆ ಹಾಕಿದರೆ ಟಣ್ ಅಂತ ತಿರುಗಿ ಬರುತ್ತಿತ್ತು. ಮೇಲಿನ ಕಡೆ ಮೊಳಕಾಲೆತ್ತರದ ಕಂಬ, ಬೀದಿಯ ಕಡೆ ಆಳೆತ್ತರದ ಕಂಬ. ಎಲ್ಲ ಜಾಲಿಯವು. ಮೇಲೆ ಸಾಗವಾನಿ ಹಲಗೆ. ಉದ್ದ ಹನ್ನೆರಡು ಮೊಳ.

ಆ ಬಿಸಿಲಿನಲ್ಲಿ ಮೊಳೆ ಹೊರಗಿಟ್ಟರೆ ಕೆಂಡವಾಗುತ್ತಿದ್ದವು. ಬಾಯಲ್ಲಿ ಮೊಳೆ ಇಟ್ಟುಕೊಂಡು ಕೆಲಸ ಮಾಡುವ ರೂಢಿ ನನ್ನದು. ಒಂದು ದಿನ ನಾಲಿಗೆ ಸುಟ್ಟುಕೊಂಡ ಮೇಲೆ ಮೊಳೆಗಳನ್ನು ಮಜ್ಜಿಗೆ ತಂಬಿಗೆಯಲ್ಲಿ ಹಾಕಿಡತೊಡಗಿದೆ. ಮಧ್ಯಾಹ್ನ ಚಾಚಾ ಗೊತ್ತಿಲ್ಲದೆ ಅದೇ ತಂಬಿಗೆ ಎತ್ತಿ ಕುಡಿಯಲು ಹೋದ.

"ಯಾ ಅಲ್ಲಾ! ಬೇಟಾ, ನಿಮ್ಮ ಮನ್ಯಾಗ ಮಜ್ಜಿಗಿಗಿ ಜೀರಗಿ ಬದಲಿ ಇದು ಹಾಕ್ತಾರೇನು?"

ಹಲಗೆ ಬಡಿಯುವಾಗ ಅವನು ಇನ್ನೊಂದು ಮಾತನ್ನೂ ಕೇಳಿದ. "ಬೇಟಾ, ಹಲಗಿ ಹಲಗಿ ನಡುವ ಇಷ್ಟು ಸಂದಿ ಬಿಟ್ಟಿ. ಮಳಿ ನೀರು ಅಲ್ಲೇ ಕೆಳಗ ಬೀಳ್ತದ. ಮತ್ತ ಢಾಳು ಯಾತಕ್ಕ ಕೊಡಾಕತ್ತಿ? ಪರಾತದಾಗ, ಆ ಅಗಲನ ತಾಟಿನ್ಯಾಗ, ನೀರು ಹಾಕಿಟ್ಟು ಸಪಾಟ ಅದನೋ ಇಲ್ಲೋ ನೋಡು."

ಬಾಯಿ ತುಂಬ ಮೊಳೆ ಇದ್ದುದರಿಂದ ನಾನು ಉತ್ತರ ಕೊಡಲಿಲ್ಲ. ಮೊಳೆ ಇರದಿದ್ದರೂ ಕೊಡುತ್ತಿರಲಿಲ್ಲ. ಹನ್ನೆರಡು ಮೊಳಕ್ಕೆ ಹನ್ನೆರಡು ಬೆರಳು. ಎಲ್ಲ ಕೂಡಿ ಈ ತುದಿಯಿಂದ ಆ ತುದಿಗೆ ಒಂದು ಗೇಣು ಇಳಿಯುತ್ತದೆ ಅನ್ನುವ ಲೆಕ್ಕ ಉರ್ದುವಿನಲ್ಲೂ ನನ್ನ ತಲೆಗೆ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ.

ಚಬೂತ್ರದ ಮಗ್ಗಲಿಗೆ ನೆಲದ ಮೇಲೆ ಬೇಲಿ ಹಾಕುವಾಗ ಅದರ ಮೇಲಿನ ಪಟ್ಟಿಯನ್ನೂ ನೆಲದ ಸಂಗಡ ಇಳಿಸಿದೆ. ಈಗ ನೋಡ್ರಿ ಮಜಾ. ನೆಲ ಇಳಿಯುತ್ತಿದೆ, ಬೇಲಿ ಇಳಿಯುತ್ತಿದೆ, ಚಬೂತ್ರವೂ ಇಳಿಯುತ್ತಿದೆ. ಮೂವರೂ ಕೂಡಿ ಒಂದೇ ಕಡೆ ಇಳಿದರೆ ನೋಡುವವರ ಕಣ್ಣಿಗೆ ಹೇಗೆ ತಿಳಿಯಬೇಕು? ಸಾಹುಕಾರರು ಬೀದಿಯಲ್ಲಿ ನಿಂತು ನೋಡಿ "ವಾ!" ಅಂದರು. ನಾನೂ ಅವರ ಪಕ್ಕ ನಿಂತು ನೋಡಿ ವಾ ಅಂದೆ.

ನಿಶ್ಚಯದ ದಿನ ಹುಮನಾಬಾದಿನಿಂದ ಇಪ್ಪತ್ತು ಜನ ಬಂದರು. ದೊಡ್ಡಪ್ಪ ಬಿಳಿ ಧೋತರ, ಬಿಳಿ ಅಂಗಿ, ಹಳದಿ ರುಮಾಲು. ನಾನು ಅವರ ಬೆನ್ನು ಬಿಡಲಿಲ್ಲ. ಪ್ರತಿ ಕಂಬ ತೋರಿಸಿದೆ.

"ಸಪಾಟ ಹ್ಯಾಂಗ ನೋಡಿದಿ?" ಕೇಳಿದರು.

"ಈ ಕಣ್ಣೀಲೆ ನೋಡೀನ್ರಿ. ನನ್ನ ಕೆಲಸಕ್ಕ ನೀರು ಬ್ಯಾಡ, ದಾರ ಬ್ಯಾಡ."

ಮೆಟ್ಟಿಲ ಹತ್ತಿರ ನಿಂತ ಚಾಚಾ ಕೆಮ್ಮಿದ.

ಊಟಕ್ಕೆ ಹೋಳಿಗೆ, ಕಟ್ಟಿನ ಸಾರು. ಹೊಸ ಹಲಗೆಗೆ ಕಲೆ ಬೀಳಬಾರದು ಅಂತ ಸಾಹುಕಾರರು ತಮ್ಮ ಅಂಗಡಿಯಿಂದ ಮೇಣಬಟ್ಟೆ ತರಿಸಿ ಪಂಕ್ತಿಯ ಉದ್ದಕ್ಕೂ ಹಾಸಿದ್ದರು. ಹಲಗೆಯ ಸಂದಿಗಳು ತೆರೆದಿದ್ದರೆ ಬಚಾವಾಗುತ್ತಿದ್ದೆ. ಆ ಬಟ್ಟೆ ಎಲ್ಲವನ್ನೂ ಮುಚ್ಚಿತು. ಮೇಲೆ ಪತ್ರಾವಳಿ ಸಾಲಾಗಿ ಇಟ್ಟರು. ಬೀದಿಯ ತುದಿಗೆ ಗಾಳಿ ಛಲೋ ಬರುತ್ತದೆ ಅಂತ ದೊಡ್ಡಪ್ಪನನ್ನು ಅಲ್ಲೇ ಕೊನೆಗೆ ಕೂಡಿಸಿದರು. ಮೇಲಿನ ತುದಿಗೆ ಅವರ ಭಾವ, ತೆಳ್ಳನೆಯ ಮನುಷ್ಯ. ಹರಹರ ಮಹಾದೇವ ಅಂದಾಯಿತು. ಸಾರು ಬಡಿಸಿದರು.

ಮೇಲಿನ ತುದಿಯ ಸಾರು ಸಾವಕಾಶ ಎರಡನೆಯವರ ಎಲೆಗೆ ಹೋಯಿತು. ಅದು ತನ್ನವರನ್ನೂ ಕರೆದುಕೊಂಡು ಮೂರನೆಯವರ ಎಲೆಗೆ. ಬಡಿಸುವವರು ಬಂದು ನೋಡುತ್ತಾರೆ, ಭಾವನ ಎಲೆ ಖಾಲಿ! ಬೀಗರ ಎಲೆ ಖಾಲಿ ಇರಬಾರದಲ್ಲ. ಮತ್ತೆ ಹಾಕಿದರು. ಮತ್ತೆ ಹೋಯಿತು. ಮತ್ತೆ ಹಾಕಿದರು.

"ಈ ತೆಳ್ಳಗಿನವರು ಸಾರು ಭಾರಿ ಉಣ್ಣಾಕತ್ತಾರ," ಅಂತ ಒಬ್ಬ ಒಳಗೆ ಹೋಗಿ ಸುದ್ದಿ ಕೊಟ್ಟ.

ಅತ್ತ ಕೆಳಗಿನ ತುದಿಯಲ್ಲಿ ದೊಡ್ಡಪ್ಪ ಅನ್ನದ ಒಡ್ಡು ಕಟ್ಟುತ್ತಿದ್ದರು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆಯಿಂದ ಬರುತ್ತಿತ್ತು. "ಅನ್ನಾ ತರ್ರಿ! ಇನ್ನೂ ಅನ್ನಾ!" ಅಂತ ಕೂಗಿದರು. ಹಸಿವೆ ಅಂತ ತಿಳಿದು ಸಾಹುಕಾರರು ಖುಷಿಯಾಗಿ ಅನ್ನದ ಮೇಲೆ ಮತ್ತೆರಡು ಸೌಟು ಸಾರು ಹಾಕಿಸಿದರು. ಒಡ್ಡು ಒಡೆಯಿತು. ಪಂಕ್ತಿಯಿಂದ ನಡುವೆ ಏಳುವಂತಿಲ್ಲ, ಎದ್ದರೆ ಎಲ್ಲರಿಗೂ ಅವಮಾನ. ಅವರು ಏಳಲಿಲ್ಲ. ಪೂರಾ ಪಂಕ್ತಿಯ ಕಟ್ಟಿನ ಸಾರು ಬಿಳಿ ಧೋತರದ ಮಡಿಲಿಗೆ ಬಂದು ನಿಂತಿತು.

ಅವರು ಸುಮ್ಮನೆ ಎಡಗೈ ಒರೆಸಿಕೊಂಡು ಒಂದು ನಿಂಬೆಹಣ್ಣು ಕೇಳಿದರು. ಅದನ್ನು ಕೈಯಿಂದ ಕೈಗೆ ಮೇಲಿನ ತುದಿಗೆ ಕಳಿಸಿ, "ಭಾವಾ, ಅಲ್ಲಿ ಇಡು," ಅಂದರು. ಭಾವ ಇಟ್ಟರು. ನಿಂಬೆಹಣ್ಣು ಎಲ್ಲರ ಎಲೆಯ ಮುಂದೆ ಹಾದು, ಯಾರಿಗೂ ತಾಗದೆ, ನೆಟ್ಟಗೆ ದೊಡ್ಡಪ್ಪನ ಕೈಗೆ ಬಂತು.

"ತಮ್ಮಾ, ಇಲ್ಲಿ ಬಾ," ಅಂದರು. ಹೋದೆ. "ಮಾಣಿಕನಗರದ ಕೆಲಸ ನಿನಗ ಬೇಕೇನು?"

"ಬೇಕ್ರಿ."

"ಹಂಗಾದ್ರ ತಪ್ಪಾಗ್ಯಾದ ಅಂತ ಒಂದ್ಸಲ ಅನ್ನು."

ಅಷ್ಟೂ ಜನ ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ಹುಟ್ಟಿದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದೇ ಇರಲಿಲ್ಲ. ಹೆಂಡತಿ ಎದುರಿಗೂ ಬಂದಿರಲಿಲ್ಲ.

"ಢಾಳು ಒಂಚೂರು ಜಾಸ್ತಿ ಆಗ್ಯಾದ್ರಿ."

"ಅದು ನನ್ನ ಧೋತರಕ್ಕೂ ಗೊತ್ತಾಗ್ಯಾದ. ನಾ ಹೇಳಿದ ಮಾತು ಅನ್ನು."

"ಇಲ್ಲೀ ಭೂಮೀನೇ ಓರೆ ಅದರಿ."

"ಊಂ?"

"ಸಾರು ತೆಳ್ಳಗಾಗ್ಯಾದ್ರಿ."

ಒಳಗಿಂದ ಸಾಹುಕಾರರ ಹೆಂಡತಿಯ ದನಿ ಬಂತು: "ಏ ಬಡಿಗ್ಯಾ! ನನ್ನ ಸಾರಿನ ಸುದ್ದಿಗಿ ಬಂದಿ ಅಂದ್ರ ನೋಡು!"

ಹೆಂಗಸರು ನಕ್ಕರು. ಹುಡುಗಿಯೂ ನಕ್ಕಳು. ಹುಡುಗ ಅವಳು ನಕ್ಕದ್ದನ್ನು ನೋಡಿ ನಕ್ಕ. ದೊಡ್ಡಪ್ಪ ಮಾತ್ರ ನಗಲಿಲ್ಲ, ನಿಂಬೆಹಣ್ಣು ಹಿಡಿದು ಕೂತಿದ್ದರು. ಮಾಣಿಕನಗರದ ಕೆಲಸ ನನ್ನ ಕಣ್ಣೆದುರಿಗೇ ಉರುಳಿ ಹೋಗುತ್ತಿತ್ತು.

"ತಪ್ಪಾಗ್ಯಾದ್ರಿ," ಅಂದೆ.

"ಕೇಳಿಸಲಿಲ್ಲ," ಅಂದರು ಮೇಲಿನ ತುದಿಯಿಂದ ಭಾವ. ಪಾಪ, ಅವರಿಗೆ ಅಲ್ಲಿತನಕ ಒಂದು ಗುಟುಕು ಸಾರೂ ಸಿಕ್ಕಿರಲಿಲ್ಲ.

"ತಪ್ಪಾಗ್ಯಾದ್ರೀ!" ಅಂತ ಬೀದಿಗೆ ಕೇಳುವ ಹಾಗೆ ಕೂಗಿದೆ.

"ಶಭಾಷ್," ಅಂದ ಚಾಚಾ. ದೊಡ್ಡಪ್ಪನೂ ಆಗ ನಕ್ಕರು. "ಬಾ, ಕಟ್ಟು. ಆದ್ರ ಈ ಚಾಚಾನ್ನ ಕರಕೊಂಡು ಬಾ. ಅಂವಾ ಹೇಳೋತನಕ ಒಂದು ಮೊಳೀನೂ ಬಡೀಬ್ಯಾಡ."

ಮರುದಿನ ಮುಂಜಾನೆ ಸಾಹುಕಾರರ ಮನೆಗೆ ಹೋಗಿ ಮೇಲಿನ ಕಡೆಯ ಕಂಬಗಳನ್ನು ಒಂದು ಗೇಣು ಕೊಯ್ದು ಕೂಡಿಸಿದೆ. ನಡುವಿನವನ್ನು ಆ ಲೆಕ್ಕದಲ್ಲಿ ಕಡಿಮೆ ಕಡಿಮೆ. ಚಾಚಾ ಪರಾತದಲ್ಲಿ ನೀರು ಹಾಕಿ ಇಟ್ಟ. ನೀರು ಸುತ್ತಲೂ ಅಂಚಿಗೆ ಸಮ ನಿಂತಿತು. ಸಾಹುಕಾರರು ಬೀದಿಯಲ್ಲಿ ನಿಂತು ನೋಡಿ ಮುಖ ಸೊಟ್ಟ ಮಾಡಿದರು.

"ಈಗ ಓರೆ ಕಾಣ್ತದಲ್ಲೋ! ಮೊದಲೇ ಛಂದಿತ್ತು."

ಬೇಲಿ ಇನ್ನೂ ಇಳಿಯುತ್ತಲೇ ಇತ್ತು, ಅದಕ್ಕೆ. ನೀರು ತೋರಿಸಿದರೆ ಒಪ್ಪಲಿಲ್ಲ, ನಿಂಬೆಹಣ್ಣು ಇಟ್ಟು ತೋರಿಸಿದರೂ ಒಪ್ಪಲಿಲ್ಲ. ಕೊನೆಗೆ ಬೇಲಿಯನ್ನೂ ಕಿತ್ತು, ಮೆಟ್ಟಿಲಿನ ಹಾಗೆ ತುಂಡು ತುಂಡು ಇಳಿಸಿ, ಪ್ರತಿ ತುಂಡಿನ ತಲೆಯನ್ನು ಸಪಾಟ ಮಾಡಿ ಹಾಕಿದೆ. ಆಮೇಲೆ ಮಾಣಿಕನಗರದ್ದು ಕಟ್ಟಿದೆವು. ಅಲ್ಲಿ ನಾನು ಬಾಯಲ್ಲಿ ಮೊಳೆ ಇಟ್ಟುಕೊಂಡಾಗಲೆಲ್ಲ ಚಾಚಾ ಎಲ್ಲ ಮಾತನ್ನೂ ಒಮ್ಮೆಗೇ ಹೇಳಿ ಮುಗಿಸುತ್ತಿದ್ದ. ಆ ಕೆಲಸ ನೋಡಿ ಹಳ್ಳಿಖೇಡದವರು ಕರೆದರು, ನಿರ್ಣಾದವರು ಕರೆದರು. ಎಂಬತ್ತರಲ್ಲಿ ಹುಮನಾಬಾದಿಗೇ ಮನೆ ಮಾಡಿಕೊಂಡು ಬಂದೆ.

ಈಗ ನನಗೆ ಎರಡು ಕೋಣೆಯ ಮನೆ ಒಂದು, ಸೈಕಲ್ ಒಂದು, ಗರಗಸ ನಾಲ್ಕು, ಬಾಚಿ ಎರಡು, ಹೆಂಡತಿ ಒಬ್ಬಳು, ಮಕ್ಕಳು ಮೂವರು. ಕಟ್ಟಿದ ಚಬೂತ್ರ ಹನ್ನೊಂದು, ಅದರಲ್ಲಿ ಸಪಾಟ ಇರುವುದು ಹನ್ನೊಂದು.