ಎರಡು ತಾಸಿನ ದೀಪ

ಹೋದ ವಾರ ಚನ್ನಗಿರಿಯ ನಮ್ಮ ಪಕ್ಕದ ಮನೆಯ ನಾಮಕರಣಕ್ಕೆ ಹೋಗಿಬಂದ ಹೆಂಡತಿ ತಾಂಬೂಲದ ಚೀಲ ಬಿಚ್ಚಿದಳು. ಎಲೆ ಅಡಿಕೆ, ತೆಂಗಿನಕಾಯಿ, ಜೊತೆಗೊಂದು ಪುಟ್ಟ ಗಾಜಿನ ಲೋಟ. ಲೋಟದ ತುಂಬ ನೀರಿನಂಥ ತಿಳಿ ಜೆಲ್, ತಳದಲ್ಲಿ ನಾಲ್ಕು ಕಪ್ಪೆಚಿಪ್ಪು, ನಡುವೆ ಬತ್ತಿ. ಅದನ್ನು ಬೆಳಕಿಗೆ ಹಿಡಿದು ನೋಡಿದ ಅವಳು, "ಚೆಂದ ಐತೆ. ಆದ್ರೆ ಹಚ್ಚೋದು ಬ್ಯಾಡ. ಯಾರು ಹೆಂಗೆ ಮಾಡಿರ್ತಾರೋ" ಎಂದು ಕಪಾಟಿನ ಮೇಲಿಟ್ಟಳು. ಇಡುವಾಗ ಅವಳ ಬಲ ಅಂಗೈಯಲ್ಲಿದ್ದ ಸುಟ್ಟ ಕಲೆ ಕಂಡಿತು. ನಾನು ಪೇಪರಿನ ಹಿಂದೆ ಮುಖ ಮರೆಸಿಕೊಂಡೆ.

ಮುಖ ಮರೆಸಿಕೊಳ್ಳುವುದರಲ್ಲಿ ನನಗೆ ಹನ್ನೊಂದು ವರ್ಷದ ಸರ್ವಿಸ್ ಆಗಿದೆ. ಅದಕ್ಕೂ ಮೊದಲು ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬೆಂಕಿ ಹತ್ತಲು ಏನೇನು ಬೇಕು, ಗಾಜು ಯಾಕೆ ಸೀಳುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಆ ಜಾತಿ ನನ್ನದು.

ಆಗ ನಮ್ಮ ಎದುರು ಮನೆಯಲ್ಲಿದ್ದವರು ಸರೋಜಮ್ಮ. ಯಾವುದೋ ತರಬೇತಿಯಲ್ಲಿ ಜೆಲ್ ಕ್ಯಾಂಡಲ್ ಮಾಡುವುದನ್ನು ಕಲಿತು ಬಂದು, ಹಬ್ಬಕ್ಕೆ ಮಾಡಿ ಮಾರುತ್ತಿದ್ದರು. ಅವರು ಕೆಲಸಕ್ಕೆ ಕೂತರೆಂದರೆ ಬಾಗಿಲಿಗೆ ಬಂದವರು ಹೊರಗೇ ನಿಲ್ಲಬೇಕು. ಸಣ್ಣ ಉರಿ, ಪಕ್ಕದಲ್ಲಿ ಪಾತ್ರೆಯ ಮುಚ್ಚಳ, ಕಾಲ ಬಳಿ ಮರಳಿನ ಬಕೆಟ್ಟು. ನೀರು ಮಾತ್ರ ಹತ್ತಿರ ಸುಳಿಯುವಂತಿಲ್ಲ. ಒಮ್ಮೆ ನಾನು, "ಅರೆಗಳಿಗೆ ಎದ್ದು ಬಂದ್ರೆ ಏನಾಗುತ್ತೆ?" ಎಂದು ತಮಾಷೆ ಮಾಡಿದ್ದಕ್ಕೆ, "ಹಾಲಾದ್ರೆ ಉಕ್ಕಿ ಹೇಳುತ್ತೆ ಮೇಷ್ಟ್ರೇ. ಇದು ಹೇಳಂಗಿಲ್ಲ, ಸೀದಾ ಹತ್ತಿಕೊಳ್ತೈತೆ" ಅಂದಿದ್ದರು. ಒಣ ಹೂವು, ಪ್ಲಾಸ್ಟಿಕ್ ಮಣಿ ಹಾಕಿಕೊಡಿ ಎಂದು ಹೆಣ್ಣುಮಕ್ಕಳು ಎಷ್ಟು ಕಾಡಿದರೂ ಹಾಕುತ್ತಿರಲಿಲ್ಲ. ಕಲ್ಲು, ಚಿಪ್ಪು, ಅಷ್ಟೇ. ಹೊಸ ನಮೂನೆಯ ಗ್ಲಾಸು ತಂದರೆ ಮೊದಲು ಒಂದನ್ನು ತಾವೇ ಅಂಗಳದ ಕಲ್ಲಿನ ಮೇಲೆ ಹಚ್ಚಿ, ಎದುರಿಗೆ ಕೂತು ಕಾಯುತ್ತಿದ್ದರು. ಬೀದಿಯವರಿಗೆಲ್ಲ ಅದೊಂದು ನಗೆಪಾಟಲು. ನಕ್ಕವರಲ್ಲಿ ನಾನೂ ಒಬ್ಬ.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲಕ್ಕಿಂತ ದೊಡ್ಡದನ್ನೇ ತಂದೆ. ಕೊಡುವಾಗ ಸರೋಜಮ್ಮ, "ಎರಡು ತಾಸಿಗೆ ಆರಿಸ್ಬೇಕು. ಗ್ಲಾಸು ತಣ್ಣಗಾದ ಮ್ಯಾಲೆ ಬೇಕಾದ್ರೆ ಮತ್ತೆ ಹಚ್ರಿ. ತಳದಾಗೆ ಒಂದು ಬೆರಳಿನಷ್ಟು ಜೆಲ್ ಉಳೀತು ಅಂದ್ರೆ ಮುಗೀತು, ಮತ್ತೆ ಹಚ್ಚಬ್ಯಾಡ್ರಿ. ಎಣ್ಣೆ ತುಪ್ಪ ಏನೂ ಹಾಕಾಕೆ ಹೋಗಬ್ಯಾಡ್ರಿ" ಎಂದರು. ನನಗೇ ಪಾಠವೇ ಎಂದು ನಕ್ಕು ತಲೆಯಾಡಿಸಿದೆ.

ಬೆಳಿಗ್ಗೆ ಪೂಜೆಗೆ ಹಚ್ಚಿದ್ದಾಯಿತು. ಎರಡು ತಾಸು ಕಳೆದ ಮೇಲೆ ಆರಿಸಲು ಹೋದೆ. ಅವ್ವ ಕಲಶದ ಮುಂದೆಯೇ ಕೂತಿದ್ದಳು. ದೀಪವನ್ನು ಊದಿದವರ ಜೊತೆ ಮಾತು ಬಿಡುವ ಹೆಂಗಸು. ಮುಸ್ಸಂಜೆಯಲ್ಲಿ ಕರೆಂಟಿನ ಬಲ್ಬ್ ಆರಿಸಿದರೂ ಅವಳಿಗೆ ಅಪಶಕುನವೇ. "ಲಕ್ಷ್ಮಿ ಮುಂದಿನ ದೀಪ ಆರಿಸ್ತೀಯೇನೋ? ಹಬ್ಬದ ದಿನ ಇದೇನು ಬುದ್ಧಿ ನಿಂದು?" ಅಂದಳು. ನಾನು ಕೈ ಹಿಂತೆಗೆದೆ. ನಂಬಿಕೆಯಿಂದಲ್ಲ, ಜಗಳ ಯಾಕೆ ಎಂದು.

ದೀಪ ಸಂಜೆಯವರೆಗೂ ಉರಿಯಿತು. ಹಗಲೆಲ್ಲ ಅಡುಗೆಮನೆಯಲ್ಲಿದ್ದ ಹೆಂಡತಿ ಈಗ ಬಾಗಿಲಲ್ಲಿ ಕುಂಕುಮಕ್ಕೆ ಬಂದವರನ್ನು ಕರೆಯುತ್ತಿದ್ದಳು. ಬತ್ತಿ ತಳ ಸೇರಿದ್ದನ್ನು ಕಂಡ ಅವ್ವ ಎರಡು ಚಮಚ ತುಪ್ಪ ಹೊಯ್ದಳು. ಅದನ್ನು ಕಂಡವನು ನಾನೊಬ್ಬನೇ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಉರಿ ಎದ್ದಿತು, ಗಾಜು ಟಪ್ಪೆಂದು ಸೀಳಿತು. ಜೆಲ್ ಉರಿಯುತ್ತಲೇ ಮಣೆಯ ಮೇಲೆ ಹರಿದು ಕಲಶಕ್ಕೆ ಉಡಿಸಿದ್ದ ಸೀರೆಯ ಸೆರಗು ಹಿಡಿಯಿತು. ಹೆಂಡತಿ ಓಡಿಬಂದು ಬರಿಗೈಯಲ್ಲಿ ಸೀರೆ ಎಳೆದು ಹಾಕಿದಳು. ಬೆಂಕಿ ಆರಿತು, ಅವಳ ಅಂಗೈ ಬೆಂದಿತ್ತು.

ಬಾಗಿಲಲ್ಲಿದ್ದ ಹೆಂಗಸರು, "ಏನಾತ್ರೀ ಮೇಷ್ಟ್ರೇ?" ಎಂದು ಕೇಳಿದರು. ಅವ್ವನ ಮುಖ ನೋಡಿದೆ. "ಗ್ಲಾಸು ಸರಿ ಇರ್ಲಿಲ್ಲ ಅನ್ಸುತ್ತೆ" ಎಂದೆ. ವಿಜ್ಞಾನದ ಮೇಷ್ಟ್ರ ಮಾತು ತಾನೇ, ಮಾರನೆಯ ದಿನದೊಳಗೆ ಊರೆಲ್ಲ ಹರಡಿತು.

ಸರೋಜಮ್ಮ ಬಂದವರೇ ಒಡೆದ ಚೂರುಗಳನ್ನು ಆರಿಸಿ ಕಾಗದದಲ್ಲಿ ಕಟ್ಟಿಕೊಂಡರು. ಹೆಂಡತಿಯ ಕೈ ನೋಡಿ ಅತ್ತರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಹೊತ್ತು ಉರೀತು?" ಎಂದರು. ಅವ್ವ ಒಳಗೇ ಇದ್ದಳು. "ಬೆಳಿಗ್ಗೆ ಆರಿಸಿದ್ದೆ. ಸಂಜೆ ಮತ್ತೆ ಹಚ್ಚಿ ಒಂದೂವರೆ ತಾಸು ಇರಬಹುದು" ಎಂದೆ. ಆ ದೀಪಾವಳಿಗೆ ಅವರು ಕ್ಯಾಂಡಲ್ ಮಾಡಲಿಲ್ಲ. ಆಮೇಲೂ ಮಾಡಲಿಲ್ಲ.

ಅವ್ವ ಸತ್ತು ಆರು ವರ್ಷವಾಯಿತು. ಅವಳ ಮರ್ಯಾದೆಗಾಗಿ ಸುಳ್ಳು ಹೇಳಿದೆ ಎಂದು ಅವಳಿದ್ದಷ್ಟು ದಿನವೂ ನನಗೆ ನಾನೇ ಹೇಳಿಕೊಂಡೆ. ಅವಳು ಹೋದ ಮೇಲೂ ಸುಮ್ಮನಿದ್ದೆನಲ್ಲ, ಅದು ಯಾರ ಮರ್ಯಾದೆಗೆ? ನನಗೆ ನಾಚಿಕೆಯಾಗುತ್ತದೆ, ಓದುಗರೇ. ಆ ಲೋಟ ಬಂದ ದಿನವೇ ಪೇಪರು ಮಡಿಸಿಟ್ಟು ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಕೊನೆಗೆ, "ನನ್ನ ಕೈ ಮಾತು ಬಿಡ್ರಿ, ಅದು ವಾಸಿಯಾತು. ಆಯಮ್ಮಂಗೆ ಹೋಗಿ ಹೇಳ್ರಿ" ಅಂದಳು.

ಮರುದಿನವೇ ಹೊನ್ನಾಳಿ ಬಸ್ಸು ಹತ್ತಿದೆ. ಸರೋಜಮ್ಮ ಈಗ ರವಿಕೆ ಹೊಲಿಯುತ್ತಾರೆ. ನನ್ನನ್ನು ಕಂಡು ಸಂತೋಷಪಟ್ಟು ಕುರ್ಚಿ ಹಾಕಿದರು, ಹೆಂಡತಿಯ ಕೈ ಹೇಗಿದೆ ಎಂದು ಕೇಳಿದರು. ಬೆಳಗಿನಿಂದ ಸಂಜೆಯವರೆಗೆ ಉರಿದದ್ದು, ತುಪ್ಪ, ನನ್ನ ಸುಳ್ಳು, ಎಲ್ಲವನ್ನೂ ಹೇಳಿದೆ. ಅವರು ಮೆಷಿನ್ ನಿಲ್ಲಿಸಿ ಕೇಳಿದರು.

"ಅಂಥವೇ ಐದು ಗ್ಲಾಸು ಹಚ್ಚಿ ನೋಡಿದೆ ಮೇಷ್ಟ್ರೇ, ಆವತ್ತು ನೀವು ಹೇಳಿದ ಮ್ಯಾಲೆ. ಒಂದೂ ಸೀಳಲಿಲ್ಲ. ಆದ್ರೂ ಇನ್ನೊಬ್ರ ಮನಿಗೆ ಕೊಡಾಕೆ ಕೈ ಬರಲಿಲ್ಲ. ನನ್ನ ತಪ್ಪು ಎಲ್ಲೈತೆ ಅಂತ ಹುಡುಕ್ತಾನೇ ಇದ್ದೆ." ರವಿಕೆಯ ಬಟ್ಟೆ ಸರಿಮಾಡಿಕೊಳ್ಳುತ್ತ, "ಹಂಗಾದ್ರೆ ನನ್ನ ಗ್ಲಾಸು ಗಟ್ಟೀನೇ ಇತ್ತು" ಎಂದರು.

ನಾನು ಕೈ ಮುಗಿದು ಎದ್ದೆ. ನಮ್ಮ ಸೀಮೆಯಲ್ಲಿ ಸಾಲ ಕೇಳಲು ಬಂದವರನ್ನೂ 'ಹೋಗಿ ಬರ್ರಿ' ಅನ್ನದೆ ಕಳಿಸುವುದಿಲ್ಲ. ಸರೋಜಮ್ಮ ಅನ್ನಲಿಲ್ಲ. ಅನ್ನಲಿ ಎಂದು ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಒಳಗೆ ಹೊಲಿಗೆ ಮೆಷಿನ್ ಮತ್ತೆ ಶುರುವಾಯಿತು.